ಹಾಳೆ ತಿರುವುವ ಕೈ

ಪುಸ್ತಕಕ್ಕೂ ಖಾರ ಹತ್ತುತ್ತದೆ ಎಂಬುದನ್ನು ಬ್ಯಾಡಗಿಯಲ್ಲಿ ಮೊಟ್ಟಮೊದಲು ಕಂಡುಹಿಡಿದವರು ಬೀರಲಿಂಗಪ್ಪ ಸರ್. ಅವರು ವಿಜ್ಞಾನದ ಮಾಸ್ತರಲ್ಲ, ಪಿ.ಟಿ. ಮಾಸ್ತರು. ಕೊರಳಲ್ಲಿ ಸೀಟಿ, ಸೊಂಟದಲ್ಲಿ ಗ್ರಂಥಾಲಯದ ಬೀಗದ ಕೈ. ಶಾಲೆಗೆ ಲೈಬ್ರರಿಯನ್ ಇರಲಿಲ್ಲ, ಆಟದ ಮೈದಾನವೂ ಇರಲಿಲ್ಲ. ಹೀಗಾಗಿ ಕೈ ಖಾಲಿ ಇದ್ದ ಒಬ್ಬರೇ ಒಬ್ಬ ಮಾಸ್ತರರ ಸೊಂಟಕ್ಕೆ ಆ ಕೀಲಿ ಬಿತ್ತು. ಶಾಲೆಯ ಹೆಸರು ಬೇಡ. ಹೇಳಿದರೆ ಇನ್ನೊಂದು ಬೀಗ ಜಡಿಯುತ್ತಾರೆ.

ನಡೆದದ್ದಿಷ್ಟು. ಹಾವೇರಿಯಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಗಾಜಿನ ಕಪಾಟಿನೊಳಗೆ ಇನ್ನೂರು ಪುಸ್ತಕ ಮದುವಣಗಿತ್ತಿಯರ ಹಾಗೆ ತಲೆ ತಗ್ಗಿಸಿ ನಿಂತಿದ್ದವು. ಸಾಹೇಬರು ಒಂದನ್ನು ತೆಗೆದು ಬಿಚ್ಚಿದರು. ಹನ್ನೊಂದು ಸಲ ಸೀನಿದರು. ಹನ್ನೆರಡನೆಯದು ಬಂದಂತಾಗಿ ಬರಲಿಲ್ಲ. ಬಾಯಿ ತೆರೆದುಕೊಂಡೇ ಜೀಪು ಹತ್ತಿದರು.

ಅದು ನಾಲ್ಕು ವರ್ಷ ಬಾಗಿಲು ತೆಗೆಯದ ಕಪಾಟಿನ ಧೂಳು. ಆದರೆ ಧೂಳು ಅಂದರೆ, ಕೀಲಿ ಇಟ್ಟುಕೊಂಡವರ ಮೇಲೆ ತಪ್ಪು ಬರುತ್ತದೆ. ಬೀರಲಿಂಗಪ್ಪ ಸರ್ ಎರಡು ನಿಮಿಷ ಯೋಚಿಸಿದರು. ಆಮೇಲೆ ಹೆಡ್‌ಮಿಸ್ಟ್ರೆಸ್ ಶೈಲಾ ಅವರ ಹತ್ತಿರ ಹೋಗಿ ಹೇಳಿದರು.

"ಇದು ಖಾರರಿ ಅಕ್ಕೋರ. ಮೆಣಸಿನಕಾಯಿ ತೊಟ್ಟು ಬಿಡಸೋ ಹುಡಿಗ್ಯಾರು ಅದಾರಲ್ರಿ, ಅವರು ಪುಸ್ತಕ ಮುಟ್ಟ್ಯಾರ. ಅದಕ್ಕ ಖಾರ ಹತ್ತೇತಿ."

"ನೀವು ಕಪಾಟನ ತಗದಿಲ್ಲಲ್ರಿ?"

"ಗಾಜ ಮುಟ್ಟ್ಯಾರ್ರಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲದ ಬದಲು ಹುಡುಗಿಯರು ಸಿಕ್ಕರು.

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಗಾಳಿಯೇ ಕೆಂಪು. ದೇವರು ಸೀನುತ್ತಾನೆ, ಪೂಜಾರಿ ಸೀನುತ್ತಾನೆ, ಬಸ್ಸಿನಿಂದ ಇಳಿದವನು ಕಾಲು ಊರುವ ಮೊದಲು ಸೀನುತ್ತಾನೆ. ಯಾರ ಕೈಯಲ್ಲಿ ಖಾರ ಇದೆ, ಯಾರ ಕೈಯಲ್ಲಿ ಇಲ್ಲ ಎಂದು ಕೇಳುವುದೇ ಹುಚ್ಚುತನ. ಸರ್ ಕೇಳಿದರು. ಪರೀಕ್ಷೆಯನ್ನೂ ಇಟ್ಟರು. ಕೂಲಿಯವರ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಿದರು. ಪ್ರತಿಯೊಬ್ಬಳೂ ತನ್ನ ಬೆರಳಿನಿಂದ ತನ್ನ ಕಣ್ಣು ಮುಟ್ಟಿಕೊಳ್ಳಬೇಕು. ನೀರು ಬಂದರೆ ಅವಳ ಹೆಸರು ಖಾರದ ಪಟ್ಟಿಗೆ.

ಹದಿನಾಲ್ಕು ಹುಡುಗಿಯರ ಕಣ್ಣಲ್ಲಿ ನೀರು ಬಂತು. ಒಬ್ಬಳಿಗೆ ಖಾರಕ್ಕಲ್ಲ, ಅವಮಾನಕ್ಕೆ ಬಂತು. ಅವಳ ಹೆಸರನ್ನೂ ಬರೆದುಕೊಂಡರು. ಮಕ್ಕಳ ಕೈಯಿಂದ ಮಕ್ಕಳ ಕಣ್ಣಿಗೇ ಖಾರ ಹಾಕಿಸುವ ಬುದ್ಧಿ ಯಾವ ಟ್ರೇನಿಂಗಿನಲ್ಲಿ ಹೇಳಿಕೊಡುತ್ತಾರೋ ಗೊತ್ತಿಲ್ಲ. ಆ ಟ್ರೇನಿಂಗಿಗೆ ಬೆಂಕಿ ಬೀಳಲಿ.

ಪಟ್ಟಿಯ ಮೊದಲ ಹೆಸರು ದೇವವ್ವ. ಒಂಬತ್ತನೇ ಕ್ಲಾಸು. ಅಜ್ಜಿಯ ಹೆಸರು ಇಟ್ಟದ್ದರಿಂದ ಕ್ಲಾಸಿಗೆ ಕ್ಲಾಸೇ ಅವಳನ್ನು "ಏ ಅಜ್ಜೀ" ಎಂದು ಕರೆಯುತ್ತಿತ್ತು. ಅವಳ ತಾಯಿ ಸಿದ್ದವ್ವ ರುದ್ರಮುನಿ ಸಾವ್ಕಾರರ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮುಂಜಾನೆಯಿಂದ ಸಂಜೆವರೆಗೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕಾಯಿ ಹಿಡಿದು, ಉಗುರಿನಿಂದ ತೊಟ್ಟು ಚಿವುಟುವ ಕೆಲಸ. ರವಿವಾರ ದೇವವ್ವನೂ ಕೂರುತ್ತಿದ್ದಳು. ಸಂಜೆ ಮನೆಗೆ ಬಂದು ರೊಟ್ಟಿ ಬಡಿಯಲು ಕೂತರೆ ಸಿದ್ದವ್ವನ ಅಂಗೈ ಹಂಚಿಗಿಂತ ಮೊದಲು ಕಾಯುತ್ತಿತ್ತು. ಕೈಯನ್ನು ಗೋಡೆಗೆ ಒತ್ತುವಳು, ತಂಬಿಗೆಗೆ ಒತ್ತುವಳು, ಎಮ್ಮೆಯ ತೊಯ್ದ ಮೂಗಿಗೂ ಒತ್ತಿ ನೋಡಿದ್ದಳು. ಎಮ್ಮೆ ಆ ವಾರವಿಡೀ ಅವಳನ್ನು ಕಂಡರೆ ಮುಖ ತಿರುಗಿಸಿತು.

ಇನ್ನು ಸಾವ್ಕಾರರ ವಿಷಯ. ಅವರ ಮನೆಯ ಮೂರು ಮಹಡಿ ಎದ್ದದ್ದೇ ಮೆಣಸಿನಕಾಯಿ ಮೇಲೆ. ಶಾಲಾಭಿವೃದ್ಧಿ ಸಮಿತಿಗೆ ಅವರೇ ಅಧ್ಯಕ್ಷರು. ಗಾಜಿನ ಕಪಾಟು ಅವರದೇ ದಾನ. ಅದರ ಮೇಲೆ ಅವರ ಹೆಸರು ಎಷ್ಟು ದೊಡ್ಡದಾಗಿ ಇತ್ತೆಂದರೆ ಒಳಗಿನ ಒಂದು ಸಾಲು ಪುಸ್ತಕ ಕಾಣುತ್ತಲೇ ಇರಲಿಲ್ಲ. ಅವರ ಮಗಳು ಸುಚಿತ್ರಾ ದೇವವ್ವನ ಕ್ಲಾಸಿನಲ್ಲೇ ಇದ್ದಳು. ಅವಳಿಗೆ ಕಣ್ಣಿನ ಪರೀಕ್ಷೆ ಇರಲಿಲ್ಲ. ಚಿವುಟಿದವರಿಗೆ ಹತ್ತುವ ಖಾರ ಮಾರಿದವರಿಗೆ ಹತ್ತುವುದಿಲ್ಲವಂತೆ!

ಆದರೆ ಸರ್ಕಾರದ ಕಾಗದ ಒಂದು ಬಂತು. ವಾರಕ್ಕೊಮ್ಮೆ ಎಲ್ಲ ಮಕ್ಕಳಿಂದಲೂ ಗ್ರಂಥಾಲಯದಲ್ಲಿ ಓದಿಸಬೇಕು, ಫೋಟೋ ತೆಗೆದು ಕಳಿಸಬೇಕು ಎಂದು ಅದರಲ್ಲಿತ್ತು. ಎಲ್ಲ ಮಕ್ಕಳೂ ಅಂದರೆ ಖಾರದವರೂ ಬಂದರು. ಬೀರಲಿಂಗಪ್ಪ ಸರ್ ಮತ್ತೆ ಎರಡು ನಿಮಿಷ ಯೋಚಿಸಿದರು. ಅವರ ಈ ಎರಡೆರಡು ನಿಮಿಷಗಳು ಊರಿಗೆ ಬಹಳ ದುಬಾರಿ.

ಹೊಸ ನಿಯಮ ಹೀಗಿತ್ತು. ಖಾರದ ಪಟ್ಟಿಯ ಹುಡುಗಿಯರು ಪುಸ್ತಕ ಓದಬಹುದು, ಮುಟ್ಟುವಂತಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೆಲಕ್ಕೆ ಕೂರಬೇಕು. ಮುಂದೆ ಬೆಂಚಿನ ಮೇಲೆ ಪುಸ್ತಕ. ಶುದ್ಧ ಕೈಯ ಹುಡುಗಿಯೊಬ್ಬಳು ಹಾಳೆ ತಿರುವುತ್ತಾಳೆ. ದೇವವ್ವನಿಗೆ ಹಾಳೆ ತಿರುವಲು ನೇಮಕವಾದವಳು ಸುಚಿತ್ರಾ.

ಅದನ್ನು ಕೇಳಿ ಸಿದ್ದವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲಿಗೇ ಬಿಟ್ಟಳು.

"ನಮ್ಮವ್ವಗ ಮ್ಯಾಲಿಂದ ನೀರ ಹೊಯ್ತಿದ್ರು. ಬೊಗಸಿ ಒಡ್ಡಿ ಕುಡೀಬೇಕಿತ್ತು. ಕೊಡ ಮುಟ್ಟಂಗಿಲ್ಲ," ಎಂದಳು. "ಈಗ ನಿನಗ ಮ್ಯಾಲಿಂದ ಅಕ್ಷರ ಹೊಯ್ಯಾಕತ್ತಾರೇನ?"

"ಓದಾಕ ಸಿಗತೈತಲ್ಲಬೇ."

"ಹೌದೌದು. ನೀರೂ ಸಿಗತಿತ್ತು."

ದೇವವ್ವ ತಲೆ ತಗ್ಗಿಸಿದಳು. ಆದರೆ ಅವಳಿಗೆ ಆ ಪುಸ್ತಕ ಬೇಕೇ ಬೇಕಾಗಿತ್ತು. ಹಾವೇರಿಯಲ್ಲಿ ಜಿಲ್ಲಾ ವಿಜ್ಞಾನ ಪ್ರದರ್ಶನ ಇತ್ತು, ಶಾಲೆಗೆ ಒಂದೇ ಅವಕಾಶ. ಉಳಿದವರು ರಾಣೇಬೆನ್ನೂರಿನ ಅಂಗಡಿಗೆ ಹೋಗಿ ಸಿದ್ಧ ಮಾದರಿ ತಂದಿದ್ದರು. ಸುಚಿತ್ರಾ ತಂದದ್ದು ಬ್ಯಾಟರಿ ಹಾಕಿದರೆ ಹೊಗೆ ಬಿಡುವ ಜ್ವಾಲಾಮುಖಿ. ಅದರ ಬುಡದಲ್ಲಿ ಬೆಲೆಯ ಚೀಟಿ ಹಾಗೇ ಇತ್ತು. ದೇವವ್ವನ ಹತ್ತಿರ ಇದ್ದದ್ದು ಒಂದು ಪ್ರಶ್ನೆ ಮಾತ್ರ. ಕೈಗೆ ಹತ್ತಿದ ಖಾರ ಎಷ್ಟು ತೊಳೆದರೂ ಯಾಕೆ ಹೋಗುವುದಿಲ್ಲ? ಏನು ಹಚ್ಚಿದರೆ ಹೋದೀತು? ತಾಯಿಯ ಕೈಗೊಂದು ಉತ್ತರ ಬೇಕಾಗಿತ್ತು. ಕಪಾಟಿನಲ್ಲಿ ಅಡುಗೆಮನೆಯ ಸಾಮಾನುಗಳ ವಿಜ್ಞಾನ ಹೇಳುವ ದಪ್ಪ ಪುಸ್ತಕ ಇದ್ದದ್ದನ್ನು ಅವಳು ಗಾಜಿಗೆ ಮೂಗು ಹಚ್ಚಿ ನೋಡಿದ್ದಳು. ಗಾಜಿಗೆ ಮೂಗು ಹಚ್ಚಬಾರದೆಂಬ ನಿಯಮ ಆಗ ಇನ್ನೂ ಬಂದಿರಲಿಲ್ಲ.

ಬುಧವಾರ ಕೊನೆಯ ಪಿರಿಯಡ್ಡಿನಲ್ಲಿ ದೇವವ್ವ ಕೈಕಟ್ಟಿ ನೆಲಕ್ಕೆ ಕೂತಳು. ಸುಚಿತ್ರಾ ಬೆಂಚಿನ ಮೇಲೆ ಕೂತು ಒಂದು ಕೈಯಲ್ಲಿ ಹಾಳೆ ಹಿಡಿದಳು. ಇನ್ನೊಂದು ಕೈಯಿಂದ ಆಕಳಿಕೆ ಮುಚ್ಚಿದಳು. ಸರ್ ಫೋಟೋ ತೆಗೆದರು. ಫೋಟೋದಲ್ಲಿ ಬೆನ್ನ ಹಿಂದಿನ ಕೈ ಕಾಣುವುದಿಲ್ಲ.

ಕೈಕಟ್ಟಿ ಓದುವುದು ಎಷ್ಟು ಕಷ್ಟ ಎಂಬುದನ್ನು ಬೇಕಾದರೆ ನೀವೂ ಮಾಡಿ ನೋಡಿ. ಸಾಲು ತಪ್ಪಿದರೆ ಬೆರಳು ಇಡುವಂತಿಲ್ಲ. ಬರೆದುಕೊಳ್ಳುವಂತಿಲ್ಲ. ಮೂಗಿನ ಮೇಲೆ ನೊಣ ಕೂತರೆ ಊದಿ ಓಡಿಸಬೇಕು. ದೇವವ್ವ ಮೆಣಸಿನಕಾಯಿಯ ಪಾಠ ತೆಗೆಸಿಕೊಂಡು, ನೊಣವನ್ನು ಊದುತ್ತ, ಓದಿದ್ದನ್ನು ಬಾಯಿಪಾಠ ಮಾಡುತ್ತ ಮುಂದೆ ಸಾಗಿದಳು. ನೂರ ನಲವತ್ಮೂರನೇ ಪುಟದ ಕೊನೆಯ ಸಾಲು ಹೀಗಿತ್ತು: "ಕೈಗೆ ಹತ್ತಿದ್ದನ್ನು ತೆಗೆಯಲು ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ..."

"ಹಾಳಿ ತಿರುವ," ಎಂದಳು ದೇವವ್ವ.

ಸುಚಿತ್ರಾ ಬೆರಳು ನೆಕ್ಕಿ ತಿರುವಿದಳು. ಹೊಸ ಪುಟದ ಮೊದಲ ಸಾಲು: "ಬಿಸಿ ನೀರು. ಅದರಲ್ಲಿ ಎರಡು ನಿಮಿಷ ಕೈ ಅದ್ದಿದರೆ ಪೂರಾ ಬಿಟ್ಟುಹೋಗುತ್ತದೆ."

ಅಷ್ಟರಲ್ಲಿ ಗಂಟೆ ಹೊಡೆಯಿತು. ಸರ್ ಆ ಪುಟಕ್ಕೆ ಒಂದು ಕಾಗದದ ಗುರುತು ಇಟ್ಟು, ಪುಸ್ತಕ ಮುಚ್ಚಿ, ಕಪಾಟಿಗೆ ಬೀಗ ಹಾಕಿದರು. ದೇವವ್ವ ಬೆನ್ನ ಹಿಂದಿನ ಕೈ ಬಿಡಿಸಿಕೊಳ್ಳುವುದನ್ನೂ ಮರೆತು ಮನೆ ತನಕ ಹಾಗೇ ಓಡಿದಳು. ಅವಳನ್ನು ನೋಡಿದವರು, ಪಾಪ, ಹುಡುಗಿ ಏನು ಕದ್ದಿತೋ ಪೊಲೀಸರು ಕೈ ಕಟ್ಟಿದ್ದಾರೆ ಅಂದುಕೊಂಡರು.

ಮರುದಿನ ಶಾಲೆ ಬಿಟ್ಟ ಕೂಡಲೇ ದೇವವ್ವ, ಶಾಲೆಯ ಗೋಡೆಯ ಆಚೆಗೇ ಇದ್ದ ಸಾವ್ಕಾರರ ಅಂಗಡಿಯ ಹಿಂದಿನ ಶೆಡ್ಡಿಗೆ ಹೋದಳು. ಸಿದ್ದವ್ವ ಮತ್ತು ಏಳು ಹೆಂಗಸರು ಮೆಣಸಿನಕಾಯಿ ರಾಶಿಯ ಸುತ್ತ ಕೂತಿದ್ದರು. ಎಲ್ಲರಿಗಿಂತ ಹಿರಿಯಳಾದ ಹಸೀನಾಬಿ ಇಪ್ಪತ್ತೈದು ವರ್ಷದಿಂದ ತೊಟ್ಟು ಬಿಡಿಸಿದವಳು. ಅವಳು ಕೈ ಬೀಸಿಬಿಟ್ಟಳು.

"ಹೋಗ ಹುಚ್ಚಿ. ನೀರ ಹಾಕಿದ್ರ ಉರಿ ಹೆಚ್ಚಾಕ್ಕೈತಿ. ಬಿಸಿ ನೀರಂದ್ರ ಕೇಳಬ್ಯಾಡ."

"ಬುಕ್ಕಿನ್ಯಾಗ ಐತಿ ಚಾಚಿ."

ಹಸೀನಾಬಿಯ ಉಗುರು ನಿಂತಿತು. "ಬುಕ್ಕಿನ್ಯಾಗ? ಅಚ್ಚಾಗೈತೇನ?"

"ಅಚ್ಚಾಗೈತಿ. ನಾನ ಓದೇನಿ."

"ಹಂಗಾದ್ರ ನಮ್ಮ ಕೈಗೇ ಗೊತ್ತಾಗಿಲ್ಲ ಬಿಡು," ಎಂದಳು ಹಸೀನಾಬಿ.

ನೋಡಿ, ಇದು ನಮ್ಮ ಜನದ ತಪ್ಪು. ಇಪ್ಪತ್ತೈದು ವರ್ಷ ತಮ್ಮ ಕೈ ಹೇಳಿದ್ದಕ್ಕಿಂತ ಅಚ್ಚಾದ ಒಂದು ಸಾಲು ದೊಡ್ಡದು. ಪುಸ್ತಕವನ್ನು ದೂರ ಇಟ್ಟಷ್ಟೂ ಅದು ದೇವರಾಗುತ್ತದೆ. ಎಂಟೂ ಜನ ಎದ್ದರು. ಚಹಾದಂಗಡಿಯಿಂದ ಒಂದು ಬಕೆಟ್ ಬಿಸಿ ನೀರು ತಂದರು. ಹದಿನಾರು ಕೈ ಒಟ್ಟಿಗೆ ಮುಳುಗಿದವು.

ಆಮೇಲೆ ಎದ್ದ ಕೂಗಿಗೆ ಪೇಟೆಯಲ್ಲಿ ಲಾರಿಗಳು ಬ್ರೇಕು ಹಾಕಿದವಂತೆ. ಹಸೀನಾಬಿ ಎರಡೂ ಕೈ ಮೇಲೆತ್ತಿ ಶೆಡ್ಡಿನ ಸುತ್ತ ಮೂರು ಸುತ್ತು ಓಡಿದಳು. ಒಬ್ಬಳು ಕೈಯನ್ನು ಮೊಸರಿನ ಗಡಿಗೆಗೆ ಇಳಿಸಿದಳು, ಇನ್ನೊಬ್ಬಳು ಹಸಿ ಸಗಣಿಗೆ. ಬಿಸಿ ನೀರು ಖಾರವನ್ನು ಬೆರಳಿನಿಂದ ಮೊಣಕೈ ತನಕ ಹತ್ತಿಸಿಬಿಟ್ಟಿತ್ತು. ಬೈಗುಳವಂತೂ ಅಚ್ಚು ಹಾಕಿಸುವಂಥದ್ದಲ್ಲ. ಬಹುಪಾಲು ಪುಸ್ತಕ ಬರೆದವನ ತಾಯಿಗೆ ಸೇರಿತು, ಮಿಕ್ಕದ್ದು ದೇವವ್ವನಿಗೆ.

"ನಿನ್ನ ಬುಕ್ಕ ಸುಳ್ಳ ಹೇಳೇತಿ!" ಎಂದಳು ಸಿದ್ದವ್ವ, ಕೈಯನ್ನು ಎದೆಗೆ ಅವುಚಿಕೊಂಡು. ಅವಳ ಅಂಗೈ ಊದಿತ್ತು.

ದೇವವ್ವನಿಗೆ ಅಳು ಬಂತು. ತಾಯಿಯ ಕೈಗೆ ತಂಪು ತರಲು ಹೋಗಿ ಕೆಂಡ ತಂದಿದ್ದಳು. ಮೂಲೆಯಲ್ಲಿ ಕೂತು ಬಾಯಿಪಾಠ ಮಾಡಿದ್ದನ್ನು ಮತ್ತೆ ಮತ್ತೆ ಹೇಳಿಕೊಂಡಳು. ಸಾಲುಗಳ ಜೊತೆ ಪುಟದ ಸಂಖ್ಯೆಯೂ ತಲೆಯಲ್ಲಿ ಕೂತಿತ್ತು. ನೂರ ನಲವತ್ಮೂರು. ಅದಾದ ಮೇಲೆ ನೂರ ನಲವತ್ತಾರು. ಅವಳು ಥಟ್ಟನೆ ಎದ್ದು ನಿಂತಳು.

"ಯವ್ವಾ, ಬುಕ್ಕ ಸುಳ್ಳ ಹೇಳಿಲ್ಲ. ಆಕಿ ಎರಡ ಹಾಳಿ ಕೂಡೇ ತಿರಿವ್ಯಾಳ. ನಡಬರಕಿನ ಎರಡ ಪುಟ ಬಿಟ್ಟ ಹೋಗ್ಯಾವ. ಬಿಸಿನೀರಿಂದು ಮತ್ಯಾವ್ದರದ್ದೋ ಪಾಠ! ನನ್ನ ಕೈಲೇ ತಿರಿವಿದ್ರ ಹಿಂಗ ಆಗತಿದ್ದಿಲ್ಲ."

ಹೆಂಗಸರು ಕೈಗೆ ಗಾಳಿ ಊದಿಕೊಳ್ಳುವುದನ್ನು ನಿಲ್ಲಿಸಿದರು. ನಿನ್ನ ಕೈಯಿಂದ ತಿರುವಲಿಲ್ಲ ಯಾಕೆ ಎಂದು ಹಸೀನಾಬಿ ಕೇಳಿದಳು. ಕಣ್ಣಿನ ಪರೀಕ್ಷೆ, ಖಾರದ ಪಟ್ಟಿ, ಬೆನ್ನ ಹಿಂದಿನ ಕೈ, ಎಲ್ಲ ಹೊರಗೆ ಬಂತು. ಅವರ ಮಕ್ಕಳೂ ಆ ಪಟ್ಟಿಯಲ್ಲಿದ್ದರು. ಅವಮಾನಕ್ಕೆ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಆಮೇಲೆ ಸಿದ್ದವ್ವ ಕೇಳಿದಳು. "ಬಿಟ್ಟ ಹೋಗಿದ್ದ ಪುಟ ಯಾವ್ದು?"

"ನೂರಾ ನಲವತ್ನಾಕು."

"ನಾಳೆ ಹೋಗಿ ನೋಡೂನು ನಡೀರಿ."

ಶುಕ್ರವಾರ ಶಾಲೆಯಲ್ಲಿ ಹಾವೇರಿಗೆ ಯಾರು ಹೋಗಬೇಕೆಂಬ ಆಯ್ಕೆ ಇತ್ತು. ಗ್ರಂಥಾಲಯದ ಕೋಣೆಯಲ್ಲಿ ಮೇಜು ಹಾಕಿ ಬಟ್ಟೆ ಹೊದಿಸಿದ್ದರು. ಅಧ್ಯಕ್ಷರು ನಡುವೆ ಕೂತಿದ್ದರು. ಮುಂಜಾನೆ ಅಂಗಡಿಯಲ್ಲಿ ನಲವತ್ತು ಚೀಲದ ಕಾಯಿ ಮುರಿದು, ಮೂಸಿ, ಬೆರಳಿನಲ್ಲಿ ತಿಕ್ಕಿ, ದರ ಹೇಳಿ, ನೇರ ಬಂದವರು. ಬರುವಾಗ ಹೆಡ್‌ಮಿಸ್ಟ್ರೆಸ್ಸಿಗೆ ಒಂದು ಚೀಲ ಆಯ್ದ ಮೆಣಸಿನಕಾಯಿ ತಂದಿದ್ದರು. ಶೈಲಾ ಮೇಡಂ ಅದರಲ್ಲಿ ಕೈಯಾಡಿಸಿ, ಏನು ಬಣ್ಣ, ಏನು ಬಣ್ಣ ಅಂದಿದ್ದರು. ಚೀಲವನ್ನು ಎತ್ತಿ ಸ್ಕೂಟಿಗೆ ಇಟ್ಟವರು ಬೀರಲಿಂಗಪ್ಪ ಸರ್. ಮೂವರೂ ನಳದಲ್ಲಿ ಕೈ ತೊಳೆದುಕೊಂಡೇ ಒಳಗೆ ಬಂದಿದ್ದರು. ಸುಚಿತ್ರಾಳ ಜ್ವಾಲಾಮುಖಿ ಮೇಜಿನ ಮೇಲೆ ಹೊಗೆ ಬಿಡುತ್ತಿತ್ತು. ಗೋಡೆಯ ಹತ್ತಿರ ಪಟ್ಟಿಯ ಹುಡುಗಿಯರ ಜೊತೆ ದೇವವ್ವ ಕೈ ಹಿಂದೆ ಕಟ್ಟಿ ನಿಂತಿದ್ದಳು.

ಎಂಟು ಹೆಂಗಸರು ಬಾಗಿಲಿಗೆ ಬಂದರು.

"ಏ ಸಿದ್ದವ್ವ," ಎಂದರು ಸಾವ್ಕಾರರು, "ಚೀಲ ಹಂಗ ಬಿದ್ದಾವ. ಕೆಲಸ ಬಿಟ್ಟ ಎಲ್ಲಾರೂ ಇಲ್ಲೇನ ಮಾಡಾಕತ್ತೀರಿ?"

"ಬೀಳ್ಲಿ ಬಿಡ್ರಿ. ಕೈ ಆಡವಲ್ವು." ಸಿದ್ದವ್ವ ಹೆಡ್‌ಮಿಸ್ಟ್ರೆಸ್ಸಿನ ಕಡೆ ತಿರುಗಿದಳು. "ಅಕ್ಕೋರ, ನಮಗ ಒಂದ ಹಾಳಿ ಬೇಕ್ರಿ. ನೂರಾ ನಲವತ್ನಾಕು."

ಬೀರಲಿಂಗಪ್ಪ ಸರ್ ಸೀಟಿ ಊದಿದರು. ಉದ್ದಕ್ಕೆ ಊದಿದರು.

"ಯಾವ ಕಡಿ ಓಡೂನ್ರಿ?" ಎಂದು ಹಸೀನಾಬಿ ಕೇಳಿದಳು. ಹುಡುಗಿಯರು ಕಿಸಕ್ಕನೆ ನಕ್ಕರು.

"ಕೈಯಾಗ ಖಾರ ಇದ್ದಾವರು ಒಳಗ ಬರಂಗಿಲ್ಲ," ಎಂದರು ಸರ್. "ನಿಯಮ ಐತಿ."

"ಯಾರ ಕೈಯಾಗಿಲ್ರಿ?"

"ನಮ್ಮ ಕೈಯಾಗಿಲ್ಲ. ತೊಳಕೊಂಡೇವಿ."

"ನಮ್ಮ ಮಕ್ಕಳೂ ತೊಳಕೊಂಡ ಬಂದಿದ್ವು," ಎಂದಳು ಸಿದ್ದವ್ವ. ಅವಳ ದನಿ ಏರಲಿಲ್ಲ. "ಕಣ್ಣ ಮುಟ್ಟಿಸಿ ನೋಡಿದ್ರಿ. ನೀವೂ ಮುಟ್ಟಿಕೋರಿ. ನೀರ ಬರಲಿಲ್ಲಂದ್ರ ನಾವು ಹಿಂದಕ್ಕ ಹೋಕ್ಕೇವಿ. ನನ್ನ ಮಗಳೂ ಸಾಲಿ ಬಿಡತಾಳ."

ದೇವವ್ವ ಥಟ್ಟನೆ ತಾಯಿಯ ಮುಖ ನೋಡಿದಳು. ಸಾವ್ಕಾರರು ಮಾತ್ರ ನಕ್ಕರು. ಮೂವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ. ಹೆಂಗಸೊಬ್ಬಳು, ಅದೂ ತನ್ನ ಅಂಗಡಿಯ ಕೂಲಿ, ಸವಾಲು ಹಾಕುವುದೇ!

"ಅಷ್ಟನ? ನನಗೇನ ಹೆದರಿಕಿ. ಊದೋ ಬೀರಲಿಂಗಪ್ಪ ಸೀಟಿ."

ಸಾವ್ಕಾರರೇ ಬೆರಳು ಎತ್ತಿದ ಮೇಲೆ ಹೆಡ್‌ಮಿಸ್ಟ್ರೆಸ್ ಸುಮ್ಮನಿರುತ್ತಾರೆಯೇ? ಅವರೂ ಕನ್ನಡಕ ತೆಗೆದರು. ಸರ್ ಸೀಟಿ ಊದಿ, ಶಿಸ್ತಿನ ಮನುಷ್ಯ ನೋಡಿ, ತಾವೂ ಬೆರಳು ಎತ್ತಿದರು. ಮೂವರೂ ಕವಾಯತಿನ ಹಾಗೆ ಒಟ್ಟಿಗೆ ಕಣ್ಣಿಗೆ ಬೆರಳಿಟ್ಟರು. ಸಾವ್ಕಾರರು ಧೈರ್ಯ ತೋರಿಸಲು ಎರಡೂ ಕಣ್ಣಿಗೆ ಇಟ್ಟು ತಿಕ್ಕಿದರು.

ಒಂದು. ಎರಡು. ಮೂರು.

"ಯಪ್ಪಾ!"

ಸಾವ್ಕಾರರು ಎದ್ದ ರಭಸಕ್ಕೆ ಜ್ವಾಲಾಮುಖಿ ಉರುಳಿತು. ಶೈಲಾ ಮೇಡಂ ಮೇಜಿನ ಬಟ್ಟೆ ಎಳೆದು ಮುಖಕ್ಕೆ ಒತ್ತಿಕೊಂಡರು. ಸರ್ ಕುಣಿದರು. ಸೀಟಿ ಬಾಯಲ್ಲೇ ಇದ್ದದ್ದರಿಂದ ನರಳಿದ್ದೆಲ್ಲ ಸೀಟಿಯಾಗಿ ಹೊರಗೆ ಬಂತು. ಸುಚಿತ್ರಾ ಓಡಿಬಂದು ತಂದೆಯ ಕಣ್ಣು ಒರೆಸಿದಳು, ಅದೇ ಕೈಯಿಂದ ತನ್ನ ಕಣ್ಣೀರನ್ನೂ ಒರೆಸಿಕೊಂಡಳು. ನಾಲ್ವರಾದರು.

"ಏನ ಮಾಡಬೇಕ ಹೇಳ್ರೋ!" ಎಂದು ಸಾವ್ಕಾರರು ಗೋಡೆ ತಡವಿದರು. "ಬುಕ್ಕಿನ್ಯಾಗ ಏನ ಬರದೈತಿ? ತಗೀರಿ ಲಗೂ!"

ನಾಲ್ಕು ವರ್ಷದಲ್ಲಿ ಅಧ್ಯಕ್ಷರು ಒಂದು ಪುಸ್ತಕ ತೆಗೆಯಿರಿ ಅಂದದ್ದು ಅದೇ ಮೊದಲು. ಸರ್ ತಡಕಾಡಿ ಕಪಾಟು ತೆರೆದರು, ದಪ್ಪ ಪುಸ್ತಕ ಎಳೆದರು, ಕಾಗದದ ಗುರುತು ಇದ್ದ ಪುಟ ಬಿಚ್ಚಿದರು, ಒಂದು ಕಣ್ಣು ಕಷ್ಟಪಟ್ಟು ತೆರೆದರು.

"ಬಿಸಿ ನೀರ ಅಂತ ಐತ್ರಿ!"

"ಬ್ಯಾಡ!" ಎಂಟು ಹೆಂಗಸರೂ ಒಟ್ಟಿಗೆ ಕೂಗಿದರು.

"ಹಿಂದಿನ ಹಾಳೀರಿ ಸರ. ಎರಡ ಹಾಳಿ ಅಂಟಿಕೊಂಡಾವ," ಎಂದಳು ದೇವವ್ವ ಗೋಡೆಯ ಹತ್ತಿರದಿಂದ.

ಸರ್‌ಗೆ ಹಾಳೆ ಯಾವುದು ಬೆರಳು ಯಾವುದು ಕಾಣುತ್ತಿರಲಿಲ್ಲ. ಪುಸ್ತಕ ತಲೆಕೆಳಗಾಯಿತು. "ಏ ಹುಡುಗಿ, ನೀ ಬಂದ ಓದ!" ಎಂದು ಸಾವ್ಕಾರರು ಅರಚಿದರು.

ದೇವವ್ವ ಬಂದಳು. ಬೆಂಚಿನ ಮುಂದೆ ನೆಲಕ್ಕೆ ಕೂತಳು. ಕೈ ಬೆನ್ನ ಹಿಂದೆಯೇ ಇದ್ದವು.

"ತಿರುವ!"

"ನಾ ಮುಟ್ಟಂಗಿಲ್ರಿ."

"ಏನಂದಿ?"

"ಮುಟ್ಟಂಗಿಲ್ರಿ. ನಂದು ಖಾರದ ಕೈ. ಸುಚಿತ್ರಾ ತಿರುವ್ಲಿ."

ಸುಚಿತ್ರಾ ಮೂಲೆಯಲ್ಲಿ ಲಂಗ ಎತ್ತಿ ಮುಖ ಮುಚ್ಚಿಕೊಂಡು, "ನನಗೇನೂ ಕಾಣವಲ್ದು" ಎಂದು ಅಳುತ್ತಿದ್ದಳು.

ಬೆನ್ನ ಹಿಂದೆ ದೇವವ್ವನ ಕೈ ಒಂದನ್ನೊಂದು ಗಟ್ಟಿಯಾಗಿ ಹಿಡಿದಿದ್ದವು. ಅವಳಿಗೂ ಆ ಪುಟ ಬೇಕಾಗಿತ್ತು, ಒಂದು ಬೆರಳಿನಷ್ಟು ದೂರದಲ್ಲಿತ್ತು. ಆದರೂ ಅವಳು ಮುಟ್ಟಲಿಲ್ಲ.

"ಮುಟ್ಟಬೇ, ನಾ ಹೇಳಾಕತ್ತೇನಿ ಮುಟ್ಟು!" ಎಂದರು ಸಾವ್ಕಾರರು. ಅವರು ಅಷ್ಟು ಬೇಡಿಕೊಂಡದ್ದನ್ನು ಅವರ ಹೆಂಡತಿಯೂ ಕೇಳಿರಲಿಕ್ಕಿಲ್ಲ.

"ಇವತ್ತಿಗಷ್ಟನ ಏನ್ರಿ?" ಎಂದಳು ಸಿದ್ದವ್ವ. "ಇಲ್ಲಾ ನಾಳಿಗೂ ಮುಟ್ಟಬಹುದೋ?"

"ನಾಳಿಗೂ! ನಾಡದಕೂ!"

"ಬರದ ಕೊಡ್ರಿ."

ಶೈಲಾ ಮೇಡಂ ಬರೆದರು. ಕಣ್ಣು ಮುಚ್ಚಿ ಬರೆದ ಸರ್ಕಾರಿ ಆದೇಶಗಳು ಬಹಳ ಇವೆ. ಆದರೆ ಕಣ್ಣೀರು ಸುರಿಸುತ್ತ ಬರೆದದ್ದು ಇದೊಂದೇ ಇರಬೇಕು. ಖಾರದ ಪಟ್ಟಿ ರದ್ದು. ಯಾವ ಮಗುವಾದರೂ ತನ್ನ ಕೈಯಿಂದ ಯಾವ ಪುಸ್ತಕವನ್ನಾದರೂ ತೆಗೆದು ಓದಬಹುದು, ಮನೆಗೂ ಒಯ್ಯಬಹುದು. "ಮಕ್ಕಳ ಅವ್ವಂದಿರೂನು ಅಂತ ಬರೀರಿ," ಎಂದಳು ಹಸೀನಾಬಿ. ಅದನ್ನೂ ಬರೆದರು. ಸಾಲು ಇಳಿಜಾರಿಗೆ ಬಿದ್ದು ಕಾಗದ ದಾಟಿ ಮೇಜಿನ ಬಟ್ಟೆಯ ಮೇಲೆ ಮುಗಿಯಿತು. ಮೊಹರು ಮೊದಲು ಅವರ ಮುಂಗೈ ಮೇಲೆ ಬಿತ್ತು, ಎರಡನೆಯದು ಕಾಗದದ ಮೇಲೆ.

ಆಗ ದೇವವ್ವ ಕೈ ಮುಂದೆ ತಂದಳು. ಅಂಟಿಕೊಂಡಿದ್ದ ಹಾಳೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಅವಳಷ್ಟು ನಾಜೂಕಾಗಿ ಅದನ್ನು ಬಿಡಿಸುವವರು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ತೊಟ್ಟು ಚಿವುಟುವ ಉಗುರು ಅದು. ನೂರ ನಲವತ್ನಾಲ್ಕು. ಗಟ್ಟಿಯಾಗಿ ಓದಿದಳು.

"ಎಣ್ಣೆ. ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಕೈಗೆ ಎಣ್ಣೆ ಸವರಿ ಚೆನ್ನಾಗಿ ತಿಕ್ಕಬೇಕು, ನಂತರ ಸಾಬೂನು ಹಚ್ಚಿ ತೊಳೆಯಬೇಕು."

"ಕಣ್ಣಿಂದು ಓದಬೇ, ಕಣ್ಣಿಂದು!"

"ಕೆಳಗ ಐತ್ರಿ. ಬರತೈತಿ."

ಆ ಕಪಾಟಿನ ಒಂದು ಪುಟ ಮೊದಲ ಸಲ ಅವಳ ಕೈಗೇ ಸಿಕ್ಕಿತ್ತು. ಅವಳು ಒಂದು ಅಕ್ಷರವನ್ನೂ ಬಿಡಲಿಲ್ಲ. ಚಿತ್ರದ ಕೆಳಗಿನ ಸಣ್ಣ ಅಕ್ಷರವನ್ನೂ ಓದಿದಳು. ಮೆಣಸಿನಕಾಯಿ ಈ ದೇಶಕ್ಕೆ ಹಡಗಿನಲ್ಲಿ ಬಂದ ಕಥೆಯನ್ನೂ ಓದಿದಳು. ಸಾವ್ಕಾರರು ಹಡಗು ಮುಳುಗಲಿ ಎಂದರು. ಕೊನೆಗೆ ಆ ಸಾಲು ಬಂತು: "ಕಣ್ಣಿಗೆ ತಾಗಿದರೆ ತಿಕ್ಕಲೇಬಾರದು. ರೆಪ್ಪೆ ಬಡಿಯುತ್ತ ತಣ್ಣೀರು ಬಿಡುತ್ತಲೇ ಇರಬೇಕು."

ನಾಲ್ವರನ್ನೂ ಹುಡುಗಿಯರು ಕೈ ಹಿಡಿದು ನಳಕ್ಕೆ ಕರೆದೊಯ್ದರು. ಬಿಸಿಯೂಟದ ಅಡುಗೆಮನೆಯಿಂದ ಎಣ್ಣೆ ಬಂತು. ಎಂಟೂ ಹೆಂಗಸರು ಕೂತು ತಿಕ್ಕಿದರು, ಸಾಬೂನು ಹಚ್ಚಿದರು, ತೊಳೆದರು. ಸಿದ್ದವ್ವ ಅಂಗೈಯನ್ನು ಕೆನ್ನೆಗೆ ಒತ್ತಿ ನೋಡಿಕೊಂಡಳು. ಇನ್ನೊಮ್ಮೆ ಒತ್ತಿದಳು. ಹಸೀನಾಬಿ ಕಪಾಟಿನ ಕಡೆ ತಿರುಗಿದಳು.

"ಇಪ್ಪತ್ತೈದ ವರ್ಸ ಕೈ ಉರಿಸಿಕೊಂಡ್ನಿ," ಎಂದಳು. "ಇಷ್ಟ ಸುದ್ದಿ ಇಲ್ಲಿ ಕಪಾಟಿನ್ಯಾಗ ಇಟ್ಟ ಬೀಗ ಹಾಕಿದ್ರಿ. ನಾನು ಆ ಗ್ವಾಡಿ ಆಚೀಕೇ ಕುಂತಿದ್ನಿ."

ಉತ್ತರ ಕೊಡಬೇಕಾದವರು ನಳದ ಕೆಳಗೆ ತಲೆ ಇಟ್ಟಿದ್ದರು. ಹಾವೇರಿಗೆ ಹೋಗುವವರ ಹೆಸರನ್ನು, ಕೂಗು ಕೇಳಿ ಕ್ಲಾಸು ಬಿಟ್ಟು ಬಂದ ಉಳಿದ ಮಾಸ್ತರರು ಸೇರಿ ಬರೆದರು: ದೇವವ್ವ, ಒಂಬತ್ತನೇ ತರಗತಿ.

ಹೋಗುವ ಮುಂಚೆ ಸಿದ್ದವ್ವ ಕಪಾಟಿನ ಮುಂದೆ ನಿಂತಳು.

"ಒಂದ ತಗೋತೇನ್ರಿ. ದಪ್ಪಂದ ಇರ್ಲಿ."

ಬೀರಲಿಂಗಪ್ಪ ಸರ್ ತೊಯ್ದ ತಲೆಯಿಂದ ನೀರು ಇಳಿಸುತ್ತ ಬಂದರು. "ನಿನಗ ಓದಾಕ ಬರಂಗಿಲ್ಲಲ್ಲ ಸಿದ್ದವ್ವ?"

"ನಿಮಗ ಬರತೈತಿ. ನಾಕ ವರ್ಸದಾಗ ಎಷ್ಟ ಓದೀರಿ?"

ಸರ್ ಪಕ್ಕಕ್ಕೆ ಸರಿದರು. ಸಿದ್ದವ್ವ ಒಂದು ತೆಗೆದುಕೊಂಡಳು. ಹಸೀನಾಬಿ ಎರಡು ತೆಗೆದುಕೊಂಡಳು. ಎಂಟು ಜನರೂ ಪುಸ್ತಕಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ, ಕೂಸಿನ ಹಾಗೆ ಸೊಂಟದ ಮೇಲೆ ಇಟ್ಟುಕೊಂಡು, ಪೇಟೆಯ ನಟ್ಟನಡುವೆ ಮೆಣಸಿನಕಾಯಿ ರಾಶಿಗಳನ್ನು ದಾಟಿ ನಡೆದರು. ಪಕ್ಕದಲ್ಲಿ ದೇವವ್ವ ಕೈ ಬೀಸುತ್ತ ನಡೆದಳು. ಸಾವ್ಕಾರರ ಅಂಗಡಿಯ ಗುಮಾಸ್ತ ತಕ್ಕಡಿ ಬಿಟ್ಟು ಎದ್ದು ನಿಂತ.

"ಏನಬೇ ಇವು? ಯಾರ ಕೊಟ್ರು?"

"ಕೊಡಾಕ ಅವರ್ಯಾರು?" ಎಂದಳು ಸಿದ್ದವ್ವ, ನಿಲ್ಲದೆ. "ನಮ್ಮವು. ತಂದೇವಿ."